ಅಪ್ಪನ ಜೀಪಿಗೆ ಹೊಸ ಟೇಪು

2022ರ ಗಣೇಶನ ಹಬ್ಬಕ್ಕೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಪ್ಪನ ಸ್ಕಾರ್ಪಿಯೋ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಪುಟ್ಟ ಟ್ರಾನ್ಸಿಸ್ಟರ್. ಯುಗಾದಿಗೆ ಬಂದಾಗ ನಾನೇ ಕೂರಿಸಿಹೋಗಿದ್ದ ಒಂಬತ್ತು ಇಂಚಿನ ಟಚ್‌ಸ್ಕ್ರೀನ್‌ಗೆ ಅದನ್ನು ಒರಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಎ.ಸಿ. ಕಿಂಡಿಗೆ ಬಿಗಿದು ಕಟ್ಟಿದ್ದರು. ಸ್ಕ್ರೀನ್ ಕಪ್ಪಗಿತ್ತು. ಮೇಲೆ ಧೂಳು.

"ಅಪ್ಪ, ಇದೆಂತಕ್ಕೆ ಇಲ್ಲಿ?"

"ವಾರ್ತೆ ಕೇಳಕ್ಕೆ" ಅಂದರು. ಅಷ್ಟೇ. ಹೂವು ಕೊಯ್ಯೋಕೆ ಹೊರಟುಹೋದರು.

ಹದಿನಾಲ್ಕು ಸಾವಿರ ಕೊಟ್ಟು ತಂದ ಸ್ಕ್ರೀನಿನ ಮುಂದೆ ಆರುನೂರು ರೂಪಾಯಿಯ ರೇಡಿಯೋ! ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಹಿಂದಿನ ಕಥೆ ಹೇಳ್ತೀನಿ. ಗಾಡಿ 2006ರದ್ದು. ಅಪ್ಪನ ಬಾಯಲ್ಲಿ ಅದು ಇವತ್ತಿಗೂ 'ಜೀಪು'. ಹದಿನೈದು ವರ್ಷ ತುಂಬಿದಾಗ ಮಾರಿಬಿಡೋಣ ಅಂದಿದ್ದೆ. ಅಪ್ಪ ಕೇಳಲಿಲ್ಲ. ಎಫ್.ಸಿ. ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ಆರ್.ಸಿ. ನವೀಕರಿಸಿಕೊಂಡು ಬಂದರು. ಇಂಜಿನ್ ಗಟ್ಟಿಯಾಗೇ ಇತ್ತು. ಸೊರಗಿದ್ದು ಗಾಡಿ ಜೊತೆಗೇ ಬಂದಿದ್ದ ಟೇಪು. ಸಿ.ಡಿ. ತೂತಿನೊಳಗೆ ತಂಗಿ ಚಿಕ್ಕವಳಿದ್ದಾಗ ಐವತ್ತು ಪೈಸೆ ಹಾಕಿದ್ದಳು. ವಾಲ್ಯೂಮ್ ಗುಂಡಿ ತಿರುಗಿಸಿದರೆ ಸದ್ದು ತನಗಿಷ್ಟ ಬಂದ ಕಡೆ ಹೋಗುತ್ತಿತ್ತು. ಡಿಸ್‌ಪ್ಲೇ ಸತ್ತು ವರ್ಷಗಳಾಗಿದ್ದವು. ಬಾಗಿಲ ಸ್ಪೀಕರುಗಳ ಕಾಗದದ ಕೋನು ಮಲೆನಾಡಿನ ಥಂಡಿಗೆ ಮೆತ್ತಗಾಗಿ ಅಂಚು ಹರಿದಿತ್ತು.

ಸಾಫ್ಟ್‌ವೇರ್‌ನಲ್ಲಿರುವ ಮಗ ಅಂದಮೇಲೆ ಇದನ್ನೆಲ್ಲ ನೋಡಿಕೊಂಡು ಸುಮ್ಮನಿರಬಹುದಾ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಗಾಡಿಗೆ ಹೊಂದುವ ಪ್ಲಾಸ್ಟಿಕ್ ಫ್ರೇಮ್ ಸಮೇತ ಆಂಡ್ರಾಯ್ಡ್ ಸ್ಕ್ರೀನ್, ಒಂದು ಜೊತೆ ಸ್ಪೀಕರ್, ಬಾಗಿಲ ತಗಡಿಗೆ ಅಂಟಿಸುವ ಬ್ಯೂಟೈಲ್ ಶೀಟು ತಗೊಂಡು ರಾತ್ರಿ ಬಸ್ ಹತ್ತಿದೆ. ಯುಗಾದಿ ಮರುದಿನ ಕೂತು ನಾನೇ ಜೋಡಿಸಿದೆ. ವೈರಿನ ಬಣ್ಣಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಮ್ಮಿ ಒಂದೇ. ಹಳದಿ ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟು. ಕೆಂಪು ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತ್. ಮುಂದಿನ ಸ್ಪೀಕರಿಗೆ ಬಿಳಿ ಮತ್ತು ಬೂದು, ಹಿಂದಿನದಕ್ಕೆ ಹಸಿರು ಮತ್ತು ನೇರಳೆ. ಸಂಜೆ ಹೊತ್ತಿಗೆ ಸ್ಕ್ರೀನ್ ಬೆಳಗಿತು. ಯೂಟ್ಯೂಬ್ ಬಂತು, ಮ್ಯಾಪ್ ಬಂತು, ಹಾಡು ಕೇಳಿ ಪಕ್ಕದ ಮನೆ ಹುಡುಗರು ಬಂದರು.

ಅಪ್ಪ ಡ್ರೈವರ್ ಸೀಟಲ್ಲಿ ಕೂತು ಕೀ ತಿರುಗಿಸಿದರು. ಕಾದರು. "ಇದು ಏಳಕ್ಕೆ ಇಷ್ಟು ಹೊತ್ತು ಬೇಕಾ ಮಾರಾಯ?"

ಆಂಡ್ರಾಯ್ಡ್ ಬೂಟ್ ಆಗೋಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಆಫೀಸಲ್ಲಿ ನನ್ನ ಕೆಲಸವೇ ಆ್ಯಪ್ ತೆರೆಯುವ ವೇಗ ಹೆಚ್ಚಿಸೋದು. ಇದೆಂತ ದೊಡ್ಡ ವಿಷಯ ಅಂದುಕೊಂಡು ಕೆಂಪು ವೈರನ್ನು ಹಳದಿಯ ಜೊತೆ ಸೇರಿಸಿ ಕಟ್ಟಿದೆ. ಗಾಡಿ ಆಫ್ ಮಾಡಿದರೂ ಸ್ಕ್ರೀನಿಗೆ ಪೂರ್ತಿ ನಿದ್ದೆ ಇಲ್ಲ. ಗುಂಡಿ ಒತ್ತಿದರೆ ಸಾಕು, ಎದ್ದುಬಿಡುತ್ತದೆ. ಅಪ್ಪ 'ಹೂಂ' ಅಂದರು. ನಾನು ಬೀಗುತ್ತಾ ಬೆಂಗಳೂರಿಗೆ ವಾಪಸು ಬಂದೆ.

ಗಣೇಶನ ಹಬ್ಬದ ದಿನ ಅಡುಗೆಮನೆಯಲ್ಲಿ ಕಡುಬಿಗೆ ಕಾಯಿ ತುರಿದುಕೊಡುತ್ತಾ ಅಮ್ಮನ ಹತ್ತಿರ ಟ್ರಾನ್ಸಿಸ್ಟರ್ ವಿಷಯ ತೆಗೆದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಪ್ಪನ ಹತ್ರ ಕೇಳಕ್ಕೆ ಹೋಗ್ಬೇಡ" ಅಂತ ಶುರು ಮಾಡಿದಳು.

ಜುಲೈನಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆ ದಿನ ನಾನು ಶಿವಮೊಗ್ಗಕ್ಕೆ ಬಂದಿದ್ದೆ, ಮಾರನೇ ದಿನ ವಾಪಸು ಹೋಗಿದ್ದೆ. ವಾರ ಬಿಟ್ಟು ಡಾಕ್ಟರಿಗೆ ತೋರಿಸಬೇಕಿತ್ತು. ಅಲ್ಲಿಯವರೆಗೆ ಕಣ್ಣಿಗೆ ನೀರು ತಾಗಬಾರದು. ತೋರಿಸುವ ದಿನ ಬೆಳಿಗ್ಗೆ ಅಪ್ಪ ಕೀ ತಿರುಗಿಸಿದರೆ ಗಾಡಿ 'ಟಕ್' ಅಂದು ಸುಮ್ಮನಾಯಿತು. ಬ್ಯಾಟರಿ ಪೂರ್ತಿ ಇಳಿದಿತ್ತು. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಇಂಜಿನ್ನಿನ ಕಂಪ್ಯೂಟರಿಗೂ ಕರೆಂಟಿಲ್ಲ. ಹೊರಗೆ ಜಡಿಮಳೆ. ಕಪ್ಪು ಕನ್ನಡಕ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಅಪ್ಪ ಹಿಡಿದ ಕೊಡೆಯಡಿ ಅಮ್ಮ ರಸ್ತೆವರೆಗೆ ನಡೆದಳು. ಬಸ್ಸಲ್ಲಿ ನಿಂತುಕೊಂಡೇ ಮಂಡಗದ್ದೆವರೆಗೆ. ಆಮೇಲೆ ಯಾರೋ ಎದ್ದು ಸೀಟು ಕೊಟ್ಟರಂತೆ.

ಅವತ್ತು ರಾತ್ರಿ ನಾನು ಫೋನ್ ಮಾಡಿದ್ದೆ. "ಎಲ್ಲ ಚೆನ್ನಾಗಿದೆ ಅಂದ್ರು ಡಾಕ್ಟ್ರು" ಅಂದಿದ್ದರು ಅಪ್ಪ.

ಮರುದಿನ ಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್, ಟೇಪೇ ಬ್ಯಾಟರಿ ಕುಡೀತಿದೆ ಅಂತ ಅದರ ಫ್ಯೂಸ್ ಕಿತ್ತು ಕೈಗೆ ಕೊಟ್ಟನಂತೆ. "ಸರಿ ಮಾಡ್ಲಾ?" ಅಂದಿದ್ದಕ್ಕೆ ಅಪ್ಪ, "ಬೇಡ, ಮಗ ಬಂದಾಗ ನೋಡ್ತಾನೆ" ಅಂದರಂತೆ. ನನಗೆ ಹೇಳಬೇಡ ಅಂತ ಅಮ್ಮನಿಗೂ ಹೇಳಿದ್ದರು. "ಅಷ್ಟು ಆಸೆಯಿಂದ ಹಾಕಿದಾನೆ, ಬೇಜಾರು ಮಾಡ್ಕೋತಾನೆ" ಅಂತ.

ಊಟ ಆದಮೇಲೆ ಮಲ್ಟಿಮೀಟರ್ ತಗೊಂಡು ಶೆಡ್ಡಿಗೆ ಹೋದೆ. ಫ್ಯೂಸ್ ಹಾಕಿ, ಕೀ ತೆಗೆದು, ಅಳೆದೆ. 0.8 ಆಂಪಿಯರ್. ನಿಂತ ಗಾಡಿ 0.05 ಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. 0.8 ಅಂದರೆ ದಿನಕ್ಕೆ 19 ಆಂಪಿಯರ್-ಅವರ್, ನಾಲ್ಕು ದಿನಕ್ಕೆ ಸುಮಾರು 77. ಮೂರು ವರ್ಷ ಹಳೆಯ ಬ್ಯಾಟರಿಯಲ್ಲಿ ಅಷ್ಟು ಇರೋದೇ ಕಷ್ಟ. ಬೇಸಿಗೆಯಲ್ಲಿ ಅಪ್ಪ ದಿನಾ ಗಾಡಿ ಓಡಿಸುತ್ತಿದ್ದರು, ಹಾಗಾಗಿ ಗೊತ್ತಾಗಿರಲಿಲ್ಲ. ಆಪರೇಷನ್ ಆದ ಮೇಲೆ ಅಮ್ಮನ ಜೊತೆ ಮನೆಯಲ್ಲೇ ಇದ್ದರು. ಗಾಡಿ ಶೆಡ್ಡಲ್ಲಿ ನಿಂತಿತ್ತು, ಸ್ಕ್ರೀನ್ ಮಾತ್ರ ಎಚ್ಚರವಾಗಿತ್ತು. ಅರ್ಧ ನಿಮಿಷ ಉಳಿಸೋಕೆ ನಾನು ಕಟ್ಟಿದ ಒಂದು ಗಂಟು, ಅಷ್ಟೆ.

ವೈರು ಬಿಡಿಸಿ ಸರಿ ಮಾಡಿದೆ. ಆದರೂ ಅಪ್ಪ ಟ್ರಾನ್ಸಿಸ್ಟರ್ ಬಿಚ್ಚಲಿಲ್ಲ. ಸಂಜೆ ಅವರ ಜೊತೆ ಪೇಟೆಗೆ ಹೊರಟೆ. ಗಾಡಿ ಗೇಟು ದಾಟುವ ಮೊದಲೇ ಅವರ ಎಡಗೈ ಟ್ರಾನ್ಸಿಸ್ಟರಿನ ಚಕ್ರದ ಮೇಲಿತ್ತು. ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್.

ನಾನು ಹಾಕಿದ್ದ ಸ್ಕ್ರೀನಿನಲ್ಲಿ ಇದ್ದದ್ದು ಎಫ್.ಎಂ. ಮಾತ್ರ, ಎ.ಎಂ. ಇರಲೇ ಇಲ್ಲ. ಕೊಳ್ಳುವಾಗ ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು, ಡಿಸ್‌ಪ್ಲೇ ಯಾವುದು ಅಂತ ಎಲ್ಲ ಕೇಳಿದ್ದೆ. ಇದೊಂದು ಕೇಳಿರಲಿಲ್ಲ. ಹಳೆಯ ಟೇಪಿನ ಒಂದನೇ ನಂಬರಿನ ಗುಂಡಿಯಲ್ಲಿ ಅಪ್ಪ ಭದ್ರಾವತಿ ಹಿಡಿದಿಟ್ಟಿದ್ದರು. ಡಿಸ್‌ಪ್ಲೇ ಸತ್ತಿದ್ದರೂ ಅದಕ್ಕೇ ಅವರಿಗೆ ತೊಂದರೆಯಾಗಿರಲಿಲ್ಲ.

"ಫೋನಲ್ಲಿ ರೇಡಿಯೋ ಆ್ಯಪ್ ಇದೆಯಲ್ಲ, ಬ್ಲೂಟೂತ್ ಹಾಕಿದ್ರೆ ಆಯ್ತು" ಅಂದೆ. ಹೇಳಿ ಎರಡು ತಿರುವು ದಾಟುವಷ್ಟರಲ್ಲಿ ಫೋನಿನ ಸಿಗ್ನಲ್ ಕಡ್ಡಿ ಒಂದೊಂದೇ ಮಾಯವಾದವು. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

ಇದಕ್ಕೆ ಕಾರಣ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದಿ, ಪರೀಕ್ಷೆ ಬರೆದು ಮರೆತಿದ್ದೆ. ಎಫ್.ಎಂ. ಅಲೆಯ ಉದ್ದ ಮೂರು ಮೀಟರ್ ಆಸುಪಾಸು. ಅದು ಹೆಚ್ಚುಕಮ್ಮಿ ನೇರ ದಾರಿಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. 675 ಕಿಲೋಹರ್ಟ್ಸ್ ಅಲೆ 444 ಮೀಟರ್ ಉದ್ದ. ಅದು ನೆಲಕ್ಕೆ ಅಂಟಿಕೊಂಡು, ಗುಡ್ಡ ಬಳಸಿಕೊಂಡು ಬರುತ್ತದೆ. ಹಾಡು ಕೇಳೋಕೆ ಅಷ್ಟೇನೂ ಚೆಂದವಿಲ್ಲ, ಕರಕರ ಅನ್ನುತ್ತದೆ. ಆದರೆ ನಮ್ಮ ತೋಟದ ತಗ್ಗಿಗೂ ಬರುತ್ತದೆ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆಸಬೇಕು. ಹೊಡೆಸಿದ ತಕ್ಷಣ ಮಳೆ ಬಂದರೆ ಔಷಧಿ, ಕೊನೆಗೌಡನ ಸಂಬಳ ಎರಡೂ ನೀರುಪಾಲು. ಹವಾಮಾನ, ಅಡಿಕೆ ಧಾರಣೆ, ವಾರ್ತೆ, ಕೃಷಿ ಕಾರ್ಯಕ್ರಮ ಇವು ಅಪ್ಪನ ದಿನದ ಲೆಕ್ಕ. ತಂಗಿ ಮದುವೆಯಾಗಿ ಹೋದಳು, ನಾನು ಬೆಂಗಳೂರು ಸೇರಿದೆ, ಮೊಣಕಾಲು ನೋವಿನಿಂದ ಅಮ್ಮ ಪೇಟೆಗೆ ಹೋಗೋದು ಕಡಿಮೆ. ಪಕ್ಕದ ಸೀಟು ಖಾಲಿ. ಅಮ್ಮ ಅವತ್ತು ಅಡುಗೆಮನೆಯಲ್ಲಿ ಇನ್ನೊಂದು ಮಾತೂ ಹೇಳಿದ್ದಳು: "ಅವ್ರಿಗೆ ಹಾಡು ಬೇಡ ಮಾರಾಯ, ಮಾತು ಬೇಕು."

ಹಳೆ ಟೇಪನ್ನೇ ವಾಪಸು ಹಾಕಿಬಿಡ್ಲಾ ಅಂತ ಕೇಳಿದೆ. "ಬೇಡ, ಅದರ ಸೌಂಡು ಹುಚ್ಚು ಹಿಡಿದಂಗೆ ಏರುತ್ತೆ" ಅಂದರು. ಅಂದರೆ ಅವರಿಗೂ ಹೊಸದು ಬೇಕಿತ್ತು. ಯಾವುದು ಬೇಕು ಅಂತ ನಾನು ಕೇಳಿರಲಿಲ್ಲ.

ದೀಪಾವಳಿಗೆ ಹೋಗುವ ಮೊದಲು ಮತ್ತೆ ಜೆ.ಸಿ. ರಸ್ತೆ. ಈ ಸಲ ಚೀಟಿ ಬರೆದುಕೊಂಡು ಹೋದೆ: ಎ.ಎಂ. ಇರಬೇಕು, ವಾಲ್ಯೂಮಿಗೆ ತಿರುಗಿಸುವ ಗುಂಡಿ ಇರಬೇಕು, ನಂಬರಿನ ಗುಂಡಿಗಳು ಕೈಗೆ ಸಿಗಬೇಕು, ಕೀ ತಿರುಗಿಸಿದ ಕೂಡಲೇ ಮಾತಾಡಬೇಕು. ಇಂಥವು ಸಿಂಗಲ್ ಡಿನ್ ಸೆಟ್ಟುಗಳಲ್ಲಿ ಸಿಗುತ್ತವೆ. 180 ಮಿಲಿಮೀಟರ್ ಅಗಲ, 50 ಎತ್ತರ, ಜರ್ಮನ್ನರು ಮಾಡಿದ ಅಳತೆ. ಐದೂವರೆ ಸಾವಿರಕ್ಕೆ ಬಂತು, ಬ್ಲೂಟೂತ್ ಸಮೇತ. ಹಳೆಯ ಫ್ರೇಮ್ ಎಲ್ಲಿಂದ ತರೋದು ಅಂತ ಯೋಚಿಸುತ್ತಿದ್ದರೆ ಅಪ್ಪ ಅಟ್ಟ ಹತ್ತಿ ಪೇಪರಲ್ಲಿ ಸುತ್ತಿಟ್ಟಿದ್ದ ಗಂಟು ಇಳಿಸಿದರು. ಫ್ರೇಮ್, ಕ್ಲಿಪ್ಪು, ಮಾತ್ರೆ ಡಬ್ಬಿಯಲ್ಲಿ ಸ್ಕ್ರೂಗಳು, ಎಲ್ಲ ಇದ್ದವು.

ನೀವೂ ಹಳೇ ಗಾಡಿಗೆ ಹೊಸ ಸೆಟ್ಟು ಹಾಕಿಸೋರಿದ್ದರೆ ನನ್ನ ಖರ್ಚಿನಲ್ಲಿ ಕಲಿತಿದ್ದು ಒಂದೆರಡು ಹೇಳ್ತೀನಿ. ಡಬ್ಬಿ ಮೇಲಿನ '50 ವ್ಯಾಟ್ x 4' ನಂಬಬೇಡಿ. ಇಂಜಿನ್ ಓಡುವಾಗ 14.4 ವೋಲ್ಟ್, ಸ್ಪೀಕರ್ 4 ಓಮ್ ಅಂದರೆ, ಬೇರೆ ಆಂಪ್ಲಿಫೈಯರ್ ಇಲ್ಲದೆ ಒಂದು ಸ್ಪೀಕರಿಗೆ ಲೆಕ್ಕದಲ್ಲೇ 26 ವ್ಯಾಟ್ ದಾಟಲ್ಲ. ಕೈಗೆ ಸಿಗೋದು ಇಪ್ಪತ್ತರ ಆಸುಪಾಸು. ದುಡ್ಡಿದ್ದರೆ ಅದನ್ನು ಮುಂದಿನ ಬಾಗಿಲ ಸ್ಪೀಕರಿಗೆ, ತಗಡು ನಡುಗದಂತೆ ಅಂಟಿಸುವ ಶೀಟಿಗೆ ಹಾಕಿ. ಯುಗಾದಿಗೆ ನಾನು ಮಾಡಿದ ಕೆಲಸಗಳಲ್ಲಿ ಉಳಿದಿದ್ದು ಅವೆರಡೇ. ಕೆಂಪು-ಹಳದಿ ವೈರು ಯಾರು ಏನೇ ಹೇಳಿದರೂ ಸೇರಿಸಬೇಡಿ. ಜೋಡಿಸಿದ ಮೇಲೆ, ನಿಂತ ಗಾಡಿ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಳೆಸಿ.

ಸೆಟ್ಟು ಕೂರಿಸಿ ಆನ್ ಮಾಡಿದರೆ ಎ.ಎಂ.ನಲ್ಲಿ ಕುಂಯ್ ಅಂತ ಒಂದೇ ಶಿಳ್ಳೆ. ಎದೆ ಧಸಕ್ಕಂತು. ಒಂದೊಂದೇ ಕಿತ್ತು ನೋಡಿದರೆ ಸಿಗರೇಟ್ ಲೈಟರ್ ತೂತಿಗೆ ನಾನೇ ಹಾಕಿಕೊಟ್ಟಿದ್ದ ಅಗ್ಗದ ಯು.ಎಸ್.ಬಿ. ಚಾರ್ಜರ್. ಕಿತ್ತೆ, ಶಿಳ್ಳೆ ನಿಂತಿತು.

ಆಮೇಲೆ ಅಪ್ಪನನ್ನು ಕೂರಿಸಿಕೊಂಡು ಸೌಂಡ್ ಸೆಟ್ಟಿಂಗ್. ನನ್ನ ಅಭ್ಯಾಸದಂತೆ ಬಾಸ್ ಏರಿಸಿದೆ. "ಐವತ್ತು ಅಂದ್ರಾ ಅರವತ್ತು ಅಂದ್ರಾ?" ಅಂದರು. ಎಷ್ಟೋ ವರ್ಷದಿಂದ ಡೀಸೆಲ್ ಇಂಜಿನ್ನಿನ ಹಿಂದೆ ಕೂತ ಕಿವಿ. ವಯಸ್ಸಾದ ಹಾಗೆ ಮೊದಲು ಮಂದವಾಗೋದು ಮೇಲಿನ ಸ್ವರಗಳು. ಮಾತಿನ ವ್ಯಂಜನಗಳೆಲ್ಲ ಇರೋದು ಹೆಚ್ಚುಕಮ್ಮಿ ಅಲ್ಲೇ. ಬಾಸ್ ಹೆಚ್ಚಾದರೆ ಅವು ಮುಳುಗಿಹೋಗುತ್ತವೆ. ಬಾಸ್ ಪೂರ್ತಿ ಇಳಿಸಿ, ಮೇಲಿನದನ್ನು ಎರಡು ಹೆಜ್ಜೆ ಏರಿಸಿದೆ. ಬಲಗಿವಿ ಹೆಚ್ಚು ಮಂದ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಬ್ಯಾಲೆನ್ಸ್ ಎಡಕ್ಕೆ ತಂದೆ. ನನ್ನ ಕಿವಿಗೆ ಅದು ಮದುವೆಮನೆ ಮೈಕಿನ ಹಾಗೆ ಕೇಳುತ್ತಿತ್ತು.

"ಈಗ?"

ಅಪ್ಪ ವಾರ್ತೆ ಓದುತ್ತಿದ್ದವರ ಹಿಂದೆಯೇ ಮೆಲ್ಲಗೆ ಒಂದು ವಾಕ್ಯ ಹೇಳಿಕೊಂಡರು. ಒಂದಕ್ಷರ ತಪ್ಪಲಿಲ್ಲ. ಸೈಕಲ್ ಟ್ಯೂಬ್ ಬಿಚ್ಚಿ ಟ್ರಾನ್ಸಿಸ್ಟರನ್ನು ಅಮ್ಮನ ಕೈಗೆ ಕೊಟ್ಟರು.

ಬಸ್ಸಿನ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಎತ್ತಬೇಕಿತ್ತೇನೋ. ವಾಪಸು ಬರುವ ದಿನ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದವರು ಇಳಿಯುವಾಗ, "ಬ್ಯಾಟರಿ ಈಗ ಸರಿ ಇದೆ" ಅಂದರು. ನಾನು 'ಹೂಂ' ಅಂದೆ.

ಕೆಲವು ವಾರ ಬಿಟ್ಟು ಒಂದು ಸಂಜೆ ಫೋನ್ ಮಾಡಿದೆ. ಅಮ್ಮ ಎತ್ತಿದಳು. ಅಪ್ಪ ಎಲ್ಲಿ ಅಂದೆ.

"ಪೇಟೆಯಿಂದ ಬಂದು ಆಗಲೇ ಹತ್ತು ನಿಮಿಷ ಆಯ್ತು. ಶೆಡ್ಡಲ್ಲಿ ಗಾಡಿಯೊಳಗೇ ಕೂತಿದಾರೆ. ತಡಿ, ವಾರ್ತೆ ಮುಗೀಲಿ."