ಮುಂದಾಳುತನ ಕಲಿಸಿದರೆ ಬರುತ್ತದೆಯೇ?

2017ರ ದಶಲಕ್ಷಣ ಪರ್ವದ ಎರಡನೆಯ ದಿನ. ನಮ್ಮೂರ ಬಸ್ತಿಯಲ್ಲಿ ಉತ್ತಮ ಮಾರ್ದವ ಧರ್ಮದ ಮೇಲೆ ಪ್ರವಚನ ಮುಗಿದಿತ್ತು. ಆರತಿಗೆ ಇನ್ನೂ ಹೊತ್ತಿತ್ತು. ಸಮಾಜದಲ್ಲಿ ಮುಂದೆ ನಿಂತು ಕೆಲಸ ಮಾಡುವವರು ಕಡಿಮೆಯಾಗುತ್ತಿದ್ದಾರೆಂದು ಹಿರಿಯರೊಬ್ಬರು ಎಂದಿನಂತೆ ವ್ಯಥೆಪಟ್ಟರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮುಂದಾಳುತನ ಕಲಿಸಿದರ ಬರತದೋ, ಇಲ್ಲಾ ಹುಟ್ಟಿನಿಂದನ ಬರಬೇಕೋ? ಕಲಿಸಿದರ ಬರತದ ಅನ್ನೂದಾದರ, ನಮಗ ಯಾರು ಕಲಿಸ್ಯಾರ್ರಿ?" ಎಂದು ಕೇಳಿದ.

ಕೆಲವರು ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟುವುದೆಂದರು. ಕೆಲವರು ಪುಣೆಯಲ್ಲಿ ಎರಡೇ ದಿನದಲ್ಲಿ ನಾಯಕತ್ವ ಕಲಿಸುವ ಶಿಬಿರಗಳಿವೆ, ಹಣ ಕಟ್ಟಿ ಹೋಗಿ ಬಾ ಎಂದರು. ನಾವು ಮಾತ್ರ ತಲೆ ತಗ್ಗಿಸಿ ಕುಳಿತಿದ್ದೆವು. ಏಕೆಂದರೆ ಪ್ರಶ್ನೆ ಕೇಳಿದವನು ನಮ್ಮ ಮನೆಯ ಹುಡುಗ. ಅವನ ಕೊನೆಯ ಮಾತು ನಮ್ಮ ಕಡೆಗೇ ಇತ್ತೆಂಬುದು ನಮಗೆ ತಿಳಿದಿತ್ತು.

ನಾವು ಎಂದರೆ ಅಣ್ಣ ತಮ್ಮ ಇಬ್ಬರು. ಬರೆಯುವ ಕೈ ಒಬ್ಬರದಾದರೂ ಮಾತು ಇಬ್ಬರದು. ಅಕ್ಕಲಕೋಟ ತಾಲೂಕಿನ ದುಧನಿ ಪೇಟೆಯಲ್ಲಿ ನಮ್ಮದೊಂದು ಅಡತಿ ಅಂಗಡಿ. ತೊಗರಿ, ಜೋಳ, ಕಡಲೆ, ಉದ್ದು ಇವೇ ನಮ್ಮ ಮಾಲು. ಅಜ್ಜ ಹಾಕಿದ ಗಾದಿ, ತಂದೆಯವರು ಬೆಳೆಸಿದ ಹೆಸರು. ನಾವು ಮಾಡಿದ್ದೇನು ಎಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ತಂದೆಯವರು ಓದಿದ್ದು ಏಳನೆಯ ಇಯತ್ತೆಯವರೆಗೆ. ಮುಂದಾಳುತನ ಎಂಬ ಶಬ್ದವನ್ನು ಅವರ ಬಾಯಿಂದ ಕೇಳಿದ ನೆನಪು ನಮಗಿಲ್ಲ. ಆದರೆ ಅವರದೊಂದು ಕ್ರಮವಿತ್ತು. ಶಾಲೆ ಬಿಟ್ಟು ಅಂಗಡಿಗೆ ಬಂದ ಮೊದಲ ವರ್ಷ ಕಸ ಹೊಡೆದು, ಬಾರದಾನ ಝಾಡಿಸಿ, ಎಣಿಸಿ ಕಟ್ಟಬೇಕು. ಎರಡನೆಯ ವರ್ಷ ಹಮಾಲರ ಜೊತೆ ಕಾಟಾದ ಹತ್ತಿರ ನಿಲ್ಲಬೇಕು. ಮೂರನೆಯ ವರ್ಷ ಮುನೀಮರ ಪಕ್ಕದಲ್ಲಿ ಕುಳಿತು ರೋಜಕೀರ್ದಿ ಬರೆಯಬೇಕು. ಗಾದಿಯ ಮೇಲೆ ಕೂಡುವ ಮಾತು ಆಮೇಲೆ. ಅದಕ್ಕೂ ಮೊದಲು ನಮ್ಮಿಬ್ಬರನ್ನೂ ಒಂದೊಂದು ವರ್ಷ ಸೊಲ್ಲಾಪುರದ ಬೇರೆಯವರ ಅಂಗಡಿಗೆ ದುಡಿಯಲು ಕಳಿಸಿದರು. ಅಲ್ಲಿ ನಮ್ಮನ್ನು ಯಾರೂ ಸಾವಕಾರರ ಮಕ್ಕಳೆನ್ನಲಿಲ್ಲ. ಚಹಾ ತರುವುದಿದ್ದರೆ ನಾವೇ ತರಬೇಕಿತ್ತು. ಆಗ ಸಿಟ್ಟು ಬರುತ್ತಿತ್ತು. ಮಾತು ಕೇಳಿಸಿಕೊಳ್ಳುವವನ ಜಾಗದಲ್ಲಿ ನಿಲ್ಲದವನಿಗೆ ಮಾತು ಹೇಳುವ ರೀತಿ ತಿಳಿಯುವುದಿಲ್ಲವೆಂಬುದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಒಂದು ಪ್ರಸಂಗ ಮಾತ್ರ ಮರೆತಿಲ್ಲ. 1972ರ ದೊಡ್ಡ ಬರಗಾಲ ಮುಗಿದು ಒಂದೆರಡು ವರ್ಷವಾಗಿತ್ತು. ನಾವಿನ್ನೂ ಚಿಕ್ಕವರು. ಶ್ರಾವಣದಲ್ಲಿ ಒಂದು ದಿನ ರೊಕ್ಕದಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂತು. ಆಗಿನ ಮುನ್ನೂರು ರೂಪಾಯಿ ಸಣ್ಣ ಮೊತ್ತವಲ್ಲ. ತಂದೆಯವರು ಹಮಾಲರ ಎದುರಿಗೇ ಮುನೀಮರಿಗೆ ಕಟುವಾಗಿ ಮಾತನಾಡಿದರು. ಮುನೀಮರು ಎದುರು ಮಾತನಾಡಲಿಲ್ಲ. ರಾತ್ರಿ ಹತ್ತರವರೆಗೆ ಕುಳಿತು ಖಾತೆ ನೋಡಿದರು, ಸಿಗಲಿಲ್ಲ. ಕೆಲವು ದಿನಗಳ ಮೇಲೆ ತಂದೆಯವರಿಗೇ ನೆನಪಾಯಿತು. ಒಬ್ಬ ರೈತನ ಮಗಳ ಮದುವೆಗೆಂದು ತಾವೇ ಕೊಟ್ಟಿದ್ದರು, ಬರೆಸುವುದನ್ನು ಮರೆತಿದ್ದರು.

ಆ ವರ್ಷದ ಕ್ಷಮಾವಾಣಿಯ ದಿನ ಬಸ್ತಿಯಿಂದ ನೇರ ಅಂಗಡಿಗೆ ಬಂದು, ಎಲ್ಲ ಹಮಾಲರನ್ನೂ ಕರೆದು ನಿಲ್ಲಿಸಿದರು. ಎಲ್ಲರ ಎದುರಿಗೆ ಆಡಿದ ಮಾತಿಗೆ ಎಲ್ಲರ ಎದುರಿಗೇ ಕ್ಷಮೆ ಕೇಳಬೇಕೆಂದು ಹೇಳಿ, ತಮಗಿಂತ ಹತ್ತಾರು ವರ್ಷ ಚಿಕ್ಕವರಾದ ಮುನೀಮರಿಗೆ ಕೈ ಮುಗಿದರು. ಬಸ್ತಿಯಲ್ಲಿ ಒಬ್ಬರಿಗೊಬ್ಬರು ಕೈ ಮುಗಿಯುವುದು ನಮಗೆ ರೂಢಿ. ಅಂಗಡಿಯಲ್ಲಿ ಸಾವಕಾರ ತನ್ನ ಆಳಿಗೆ ಕೈ ಮುಗಿದುದನ್ನು ನಾವು ಕಂಡದ್ದು ಅದೇ ಮೊದಲು.

ನಮ್ಮ ಸೀಮೆಯಲ್ಲಿಯೇ ದೊಡ್ಡ ಮುಂದಾಳುಗಳು ಆಗಿಹೋಗಿದ್ದಾರೆ. ಅವರು ಯಾರಿಂದ ಕಲಿತರು ಎಂಬುದನ್ನು ನೋಡಿದರೆ ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದಲ್ಲಿ ನಮ್ಮಂತಹದೇ ವ್ಯಾಪಾರಿ ಜೈನ ಮನೆತನದಲ್ಲಿ ಹುಟ್ಟಿದರು. ಮನೆಯ ವ್ಯಾಪಾರ ಅವರ ಮನಸ್ಸಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಕಾರಕೂನರಾಗಿದ್ದ ಫಾಟಕ ಎಂಬವರ ಜೊತೆ ಪಾಲುಗಾರಿಕೆ ಮಾಡಿ ಬಾರ್ಶಿ ರೈಲುಮಾರ್ಗದ ಗುತ್ತಿಗೆ ಹಿಡಿದರು. ಸಾವಕಾರರ ಮಗ ಕಾರಕೂನನಿಂದ ಕೆಲಸ ಕಲಿತನೆಂದು ಅವರು ನಾಚಲಿಲ್ಲ. 1919ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. 1939ರ ಅಮೆರಿಕ ಪ್ರವಾಸದಲ್ಲಿ ವಿಮಾನದಲ್ಲಿ ಜೊತೆಗಿದ್ದ ಪ್ರಯಾಣಿಕನೊಬ್ಬ ಚೀನಾದಲ್ಲಿ ವಿಮಾನ ಕಾರಖಾನೆ ನಡೆಸಿದವನೆಂದು ತಿಳಿಯಿತು. ಅವನ ಮಾತನ್ನು ಕಿವಿಗೊಟ್ಟು ಕೇಳಿದರು. ಮರುವರ್ಷ, 1940ರ ಡಿಸೆಂಬರಿನಲ್ಲಿ, ಮೈಸೂರು ಸರಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಆ ವಿಮಾನದಲ್ಲಿ ಬೇರೆಯವರೂ ಇದ್ದಿರಬೇಕು. ಮಾತು ಬೆಳೆಸಿ ಕೇಳಿ ತಿಳಿದವರು ಇವರು.

ಕರ್ಮವೀರ ಭಾವುರಾವ ಪಾಟೀಲರು 1887ರಲ್ಲಿ ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ ಜೈನ ರೈತ ಮನೆತನದಲ್ಲಿ ಹುಟ್ಟಿದವರು. ಒಂದು ಕಾಲಕ್ಕೆ ಕಿರ್ಲೋಸ್ಕರ ನೇಗಿಲುಗಳನ್ನು ಮಾರುತ್ತ ಹಳ್ಳಿ ಹಳ್ಳಿ ತಿರುಗಿದರು. ನೇಗಿಲು ಮಾರಲು ಹೋದವರು ಅಕ್ಷರವಿಲ್ಲದ ರೈತನ ಕಷ್ಟ ನೋಡಿಕೊಂಡು ಬಂದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಂಡು ಓದುವ ವಸತಿಗೃಹ ತೆರೆದರು. ಅಲ್ಲಿಯ ಹುಡುಗರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕಿತ್ತು, ದುಡಿದು ಓದಬೇಕಿತ್ತು. ವಸತಿಗೃಹದಲ್ಲಿ ಕಾಳು ಮುಗಿದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಬಂಗಾರ ಕೊಟ್ಟರು. ಆ ಹುಡುಗರಿಗೆ ಮುಂದಾಳುತನದ ಪಾಠ ಬೇರೆ ಬೇಕಿತ್ತೇ? ಆ ಸಂಸ್ಥೆಯ ಲಾಂಛನ ಆಲದ ಮರ. ಆಲದ ಬಿಳಲು ಕೆಳಗಿಳಿದು ನೆಲ ಮುಟ್ಟಿದ ಮೇಲೆಯೇ ಕಾಂಡವಾಗುತ್ತದೆ.

ಇದನ್ನೆಲ್ಲ ನಾವು ಬಲ್ಲವರು. ಸಭೆ ಸಮಾರಂಭಗಳಲ್ಲಿ ಹೇಳಿದ್ದೂ ಉಂಟು. ಆದರೂ ಎಡವಿದೆವು.

2015ರಲ್ಲಿ ಮಳೆ ಕೈ ಕೊಟ್ಟು ತೊಗರಿಯ ದರ ಆಕಾಶಕ್ಕೇರಿತ್ತು. ತೊಗರಿಬೇಳೆ ಕಿಲೋಕ್ಕೆ 200 ರೂಪಾಯಿಯವರೆಗೆ ಹೋಗಿತ್ತು. 2016ರ ಆರಂಭದಲ್ಲಿ ನಾವು ಕ್ವಿಂಟಲಿಗೆ ಒಂಬತ್ತು ಸಾವಿರದ ಸುಮಾರಿನಲ್ಲಿ, ಸರಕಾರದ ಮಿತಿಯೊಳಗೇ, ಕೈಲಾದಷ್ಟು ತೊಗರಿ ಹಿಡಿದೆವು. ಅದಕ್ಕೆ ಸಾಲವನ್ನೂ ಮಾಡಿದೆವು. ದರ ಇನ್ನೂ ಏರುವುದೆಂದು ನಮ್ಮ ಎಣಿಕೆ. ಮೊಬೈಲಿನಲ್ಲಿ ಮುಂಬಯಿಯ ದರ, ಬರ್ಮಾದ ಮಾಲಿನ ಸುದ್ದಿ ಎಲ್ಲವನ್ನೂ ನೋಡುತ್ತಿದ್ದೆವು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಆಷಾಢದಲ್ಲಿ ಒಂದು ದಿನ ಹಳೆಯ ಹಮಾಲನೊಬ್ಬ, "ಸಾವಕಾರ್ರ, ಈ ಸಲ ಎಲ್ಲಾರೂ ತೊಗರೀನ ಬಿತ್ಯಾರ್ರಿ. ನಮ್ಮೂರಾಗ ಒಂದು ಹೊಲ ಬಿಟ್ಟಿಲ್ಲ" ಎಂದ. ನಾವು ನಕ್ಕೆವು. ಆಗ ಎಪ್ಪತ್ತು ದಾಟಿದ್ದ ಮುನೀಮರು ದಿನಾ ಒಂದು ತಾಸು ಬಂದು ಕೂಡುತ್ತಿದ್ದರು. ಅವರೂ ಮೆಲ್ಲಗೆ, "ತಮ್ಮಾ, ಅರ್ಧರೆ ಮಾರಿ ಹಗುರ ಆಗ್ರಿ" ಎಂದರು. ನಾವು, "ಕಾಕಾ, ನಿಮ್ಮ ಕಾಲ ಬ್ಯಾರೆ ಇತ್ತು. ಈಗ ವ್ಯಾಪಾರ ಹಂಗಿಲ್ಲ" ಎಂದೆವು. ಆ ಮಾತನ್ನು ಹಮಾಲರೂ ಕೇಳಿದರು, ರಜೆಗೆ ಬಂದಿದ್ದ ನಮ್ಮ ಹುಡುಗನೂ ಕೇಳಿದ. ಮರುದಿನದಿಂದ ಮುನೀಮರು ಅಂಗಡಿಗೆ ಬರಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳಿಸಿದರು. ಹೋಗಿ ವಿಚಾರಿಸಲಿಲ್ಲ.

ಹಿಂದಿನ ಹಂಗಾಮಿನಲ್ಲಿ ದೇಶದ ತೊಗರಿ ಬೆಳೆ 25 ಲಕ್ಷ ಟನ್ನಿನ ಆಸುಪಾಸು ಇತ್ತು. ಆ ಹಂಗಾಮಿನಲ್ಲಿ 48 ಲಕ್ಷ ಟನ್ ದಾಟಿತು. 2017ರ ಆರಂಭಕ್ಕೆ ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಗಾಡಿಗಳ ಸಾಲು ನಿಂತಿತು, ಬಾರದಾನ ಸಾಲಲಿಲ್ಲ. ನಮ್ಮ ಹಳೆಯ ಮಾಲು ಅರ್ಧ ಬೆಲೆಗೆ ಹೋಯಿತು. ಸಾಲ ತೀರಿಸಲು ಸೊಲ್ಲಾಪುರದ ಒಂದು ಜಾಗ ಮಾರಿದೆವು. ಮನೆಯಲ್ಲಿ ಹೆಣ್ಣುಮಕ್ಕಳ ಮುಖ ನೋಡುವುದು ಕಷ್ಟವಾಗಿತ್ತು. ದೆಹಲಿಯ ಸುದ್ದಿಯೆಲ್ಲ ನಮ್ಮ ಕಿವಿಗೆ ಬಿದ್ದಿತ್ತು. ಬಾಗಿಲಲ್ಲಿ ಚೀಲ ಹೊತ್ತು ನಿಂತವನ ಮಾತು ಬಿದ್ದಿರಲಿಲ್ಲ.

ಬಸ್ತಿಯಲ್ಲಿ ಹುಡುಗ "ನಮಗ ಯಾರು ಕಲಿಸ್ಯಾರ್ರಿ" ಎಂದು ಕೇಳಿದ್ದು ಇದಾದ ಆರೇಳು ತಿಂಗಳಿಗೆ. ಹಣ ಹೋದುದಕ್ಕಿಂತ ಅದು ಹೆಚ್ಚು ಚುಚ್ಚಿತು. ನಮ್ಮಿಂದ ಅವನು ಕಲಿತದ್ದಿದ್ದರೆ ಒಂದೇ: ಗಾದಿಯ ಮೇಲೆ ಕೂತವನು ಯಾರ ಮಾತನ್ನೂ ಕೇಳಬೇಕಾಗಿಲ್ಲ ಎಂಬುದು.

ಆ ರಾತ್ರಿ ಇಬ್ಬರೂ ಬಹಳ ಹೊತ್ತು ಮಾತನಾಡಿದೆವು. ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನ ಕಥೆ ನೆನಪಾಯಿತು. ಗೃಹಸ್ಥನಾದ ಆನಂದನಿಗೆ ವಿಶಾಲವಾದ ಅವಧಿಜ್ಞಾನ ಉಂಟಾದುದನ್ನು ಗೌತಮ ಗಣಧರರು ನಂಬಲಿಲ್ಲ, ಪ್ರಾಯಶ್ಚಿತ್ತ ಮಾಡಿಕೋ ಎಂದರು. ತಪ್ಪು ನಿನ್ನದೇ, ಹೋಗಿ ಕ್ಷಮೆ ಕೇಳು ಎಂದು ಭಗವಾನ್ ಮಹಾವೀರರು ತಿಳಿಸಿದಾಗ ಗೌತಮರು ಹಿಂದೆಮುಂದೆ ನೋಡದೆ ಆ ಶ್ರಾವಕನ ಬಳಿಗೆ ಹೋದರು. ಭಗವಾನರ ಪ್ರಥಮ ಶಿಷ್ಯರೇ ಒಬ್ಬ ಗೃಹಸ್ಥನ ಹತ್ತಿರ ಹೋದರೆ, ನಾವು ಮುನೀಮರ ಮನೆಗೆ ಹೋಗಲು ಎಷ್ಟು ದೂರ?

ಕ್ಷಮಾವಾಣಿಯ ದಿನ ಇಬ್ಬರೂ ಹೋದೆವು. ಹುಡುಗನನ್ನೂ ಕರೆದುಕೊಂಡೆವು, ಆ ಹಳೆಯ ಹಮಾಲನನ್ನೂ ಕರೆದೆವು. ಮುನೀಮರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ಕೈ ಮುಗಿದು, ನಾವು ಆಡಿದ ಮಾತು ತಪ್ಪು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪಾರು ಕೈ ಮುಗದ ದಿನಾನ ನಾ ಈ ಅಂಗಡಿ ಬಿಡೂದಿಲ್ಲ ಅಂತ ಅನಕೊಂಡಿದ್ದೆ. ನಿಮ್ಮ ಮಾತಿಗೆ ಬಿಟ್ಟೆ. ನನ್ನದೂ ತಪ್ಪದ" ಎಂದರು. ಆಮೇಲೆ ಹುಡುಗನ ಕಡೆಗೆ ನೋಡಿ, "ಇವನ್ನ ಮೊದಲ ಕಾಟಾದ ಹತ್ರ ನಿಂದ್ರಸ್ರಿ. ಗಾದಿ ಎಲ್ಲೂ ಓಡಿ ಹೋಗೂದಿಲ್ಲ" ಎಂದರು.

ಹುಡುಗ ಬಿ.ಕಾಂ. ಮುಗಿಸಿದವನು. ಆದರೂ ಒಂದು ವರ್ಷ ಕಾಟಾದ ಹತ್ತಿರ ನಿಂತ. ಒಂದು ವರ್ಷ ಬೇರೆ ಊರಿನ ಅಂಗಡಿಯಲ್ಲಿ ದುಡಿದ. ನಡುವೆ ಪುಣೆಯ ಶಿಬಿರಕ್ಕೂ ಹೋಗಿ ಬಂದ. ನಾವು ಅದನ್ನು ಹಣ ದಂಡವೆಂದುಕೊಂಡಿದ್ದೆವು. ಅವನು ಅಲ್ಲಿಂದ ಒಂದು ಪದ್ಧತಿ ತಂದ. ವಾರಕ್ಕೊಮ್ಮೆ ಅಂಗಡಿ ಮುಚ್ಚುವ ಮೊದಲು ಹಮಾಲರು, ಗುಮಾಸ್ತರು ಎಲ್ಲರೂ ಅರ್ಧ ತಾಸು ಕೂಡುವುದು. ಪ್ರತಿಯೊಬ್ಬರೂ ತಾವು ಆ ವಾರ ಕಂಡದ್ದನ್ನು ಹೇಳಬೇಕು. ಸಾವಕಾರರು ಕೊನೆಗೆ ಮಾತನಾಡಬೇಕು. ಮೊದಮೊದಲು ನಮಗೆ ನಗು ಬಂತು. ಮೂರನೆಯ ವಾರವೇ ಕಾಟಾದ ಒಂದು ದೋಷ ಹೊರಬಿತ್ತು. ತೂಕ ರೈತನಿಗೆ ಕಡಿಮೆ ಬೀಳುತ್ತಿತ್ತು. ಹಮಾಲರಿಗೆ ಅದು ಮೊದಲೇ ಗೊತ್ತಿತ್ತಂತೆ. ನಮ್ಮ ಮುಖ ನೋಡಿ ಹೇಳಿರಲಿಲ್ಲ. ಅಚೌರ್ಯ ಅಣುವ್ರತದ ಮಾತನ್ನು ದಿನಾ ಆಡುವ ಅಂಗಡಿಯಲ್ಲಿ, ನಮಗೇ ತಿಳಿಯದಂತೆ ಅದು ಮುರಿಯುತ್ತಿತ್ತು. ಕಾಟಾ ಸರಿ ಮಾಡಿಸಿ, ತಿಳಿದಷ್ಟು ರೈತರಿಗೆ ಹಣ ತಿರುಗಿ ಕೊಟ್ಟೆವು.

ಆದ್ದರಿಂದ ನಮ್ಮ ಉತ್ತರ ಇಷ್ಟು. ಲೆಕ್ಕ ಇಡುವುದು, ಸಭೆ ನಡೆಸುವುದು, ನಾಲ್ಕು ಜನರ ಮುಂದೆ ಮಾತನಾಡುವುದು, ಇವನ್ನು ಶಿಬಿರದಲ್ಲಿ ಕಲಿಸಬಹುದು, ಕಲಿಸಲೂ ಬೇಕು. ಆದರೆ ತನಗಿಂತ ಕಿರಿಯರಿಂದ ಕೇಳಿ ತಿಳಿಯುವುದು, ತಪ್ಪಿದಾಗ ಎಲ್ಲರೆದುರು ತಪ್ಪೆನ್ನುವುದು, ಇವನ್ನು ಹೇಳಿ ಕಲಿಸಲಾಗದು. ಮನೆಯ ಹಿರಿಯರು ಹಾಗೆ ಮಾಡುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕು. ನಮ್ಮ ತಂದೆಯವರು ನಮಗೆ ಒಂದೇ ಸಲ ತೋರಿಸಿದ್ದರು. ನಾವು ಅದನ್ನು ನೆನಪಿಡಲು ನಲವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಈಗ ಗಾದಿಯ ಮೇಲೆ ಹುಡುಗ ಕೂಡುತ್ತಾನೆ. ನಾವು ಪಕ್ಕದ ಬಾಕಿನ ಮೇಲೆ. ವಾರದ ಕೂಟದಲ್ಲಿ ನಮ್ಮ ಸರದಿಯೂ ಬರುತ್ತದೆ. ನಾವು ಹೇಳಿದ್ದನ್ನು ಅವನು ಪೂರ್ತಿ ಕೇಳುತ್ತಾನೆ, ಕೆಲವೊಮ್ಮೆ ಒಪ್ಪುವುದಿಲ್ಲ. ಒಪ್ಪದಿದ್ದಾಗ ಕಾರಣ ಹೇಳುತ್ತಾನೆ.

ಸಮಾಜ ಬಾಂಧವರೇ, ಈ ಸಲದ ಕ್ಷಮಾವಾಣಿಗೆ ಬಸ್ತಿಯಿಂದ ಮನೆಗೆ ಹೋಗುವ ದಾರಿಯಲ್ಲಿ ನಿಮ್ಮ ಅಂಗಡಿಗೂ ಒಂದು ಸಲ ಹೋಗಿರಿ. ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿರಿ.