ಜಗಲಿಯ ಮೇಲಿನ ಕೈಲಾಸ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಬನಶಂಕರಿ, ಸಿದ್ಧಾರೂಢರು, ಶಿಶುನಾಳ ಶರೀಫರು ಇವರ ಪಟಗಳ ನಡುವೆ ಅಂಗೈಯಗಲದ ಒಂದು ಚಿತ್ರವೂ ಇತ್ತು. ಮುಂದೆ ಸರೋವರ; ದಂಡೆಯಲ್ಲಿ ನಾಲ್ಕಾರು ಕುರಿಗಳು; ಹಿಂದೆ ಹಿಮ ಹೊತ್ತ ಶಿಖರಗಳು. ಸವಣೂರಿನ ಸಂತೆಗೆ ವೀಳ್ಯದೆಲೆ ಮಾರಲು ಹೋಗುತ್ತಿದ್ದ ನನ್ನ ಅಜ್ಜ ಅಲ್ಲಿ ಕೊಂಡ ಹಳೆಯ ಟ್ರಂಕಿನ ತಳದಲ್ಲಿ ಅದು ಸಿಕ್ಕಿತಂತೆ. ಆಗ ಮನೆಯಲ್ಲಿ ಅಕ್ಷರ ಬಲ್ಲವರಾರೂ ಇರಲಿಲ್ಲ. ಅಜ್ಜಿ ನೋಡಿ ತೀರ್ಮಾನಿಸಿದಳು: ಮುಂದಿನದು ಮಾನಸ ಸರೋವರ, ಹಿಂದಿನದು ಕೈಲಾಸ. ಅಂದಿನಿಂದ ನಾಲ್ವತ್ತು ವರುಷ ಅದಕ್ಕೆ ವಿಭೂತಿ, ಕುಂಕುಮ, ಸಂಜೆಯ ದೀಪ ತಪ್ಪಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಹಾಸ್ಟೆಲ್ಲಿನ ಖರ್ಚಿಗೆಂದು ಅಜ್ಜಿ ತನ್ನ ಬುಗುಡಿಗಳನ್ನು ಅಡವಿಟ್ಟಿದ್ದಳು. ಮೊದಲ ವರುಷ ದೀಪಾವಳಿಗೆ ಊರಿಗೆ ಹೋದಾಗ ಜಗಲಿ ಒರಸುತ್ತ ಆ ಚಿತ್ರವನ್ನು ಕೈಗೆತ್ತಿಕೊಂಡೆ. ಕುಂಕುಮದ ಪದರಿನಡಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು: ಕ್ಯಾಪೆಲ್ ಕೂರಿಗ್‌ನಿಂದ ಕಾಣುವ ಸ್ನೋಡನ್, ಉತ್ತರ ವೇಲ್ಸ್. ಅದೊಂದು ಪೋಸ್ಟ್ ಕಾರ್ಡು! ಬೆನ್ನಿನಲ್ಲಿ ನಡುವೆ ಗೆರೆ. ಒಂದು ಬದಿ ಒಕ್ಕಣೆಗೆ, ಇನ್ನೊಂದು ವಿಳಾಸಕ್ಕೆ. ಬ್ರಿಟನ್ನಿನಲ್ಲಿ ಹೀಗೆ ಬರೆಯಲು ಅಪ್ಪಣೆ ದೊರೆತದ್ದು 1902ರಲ್ಲಿ. ಆದ್ದರಿಂದ ಕಾರ್ಡು ಅದಕ್ಕಿಂತ ಈಚಿನದು. ಅದರಲ್ಲಿ ಯಾರೂ ಏನನ್ನೂ ಬರೆದಿರಲಿಲ್ಲ.

ಹೊಸ ವಿದ್ಯೆಯ ಉಬ್ಬಿನಲ್ಲಿ ನಾನು ಕೂಗಿದೆ: “ಅಜ್ಜೀ, ಇದು ಕೈಲಾಸ ಅಲ್ಲ. ವಿಲಾಯತಿ ಕಡೆ ಒಂದು ಗುಡ್ಡ. ಎತ್ತರ ಬರೇ 1,085 ಮೀಟರು. ನಮ್ಮ ಮುಳ್ಳಯ್ಯನಗಿರಿನ ಇದಕ್ಕಿಂತ ದೊಡ್ಡದು!”

ಅಜ್ಜಿ ಸಿಟ್ಟಾಗಲಿಲ್ಲ. ಕಾರ್ಡನ್ನು ಸೆರಗಿನಿಂದ ಒರಸಿ ಟ್ರಂಕಿನೊಳಗಿಟ್ಟಳು. ಆಮೇಲೆ ಕೇಳಿದಳು: “ಅಲ್ಲೆ ಕುರಿ ಕಾಯೋರು ಆ ಗುಡ್ಡಕ್ಕ ಏನಂತಾರವಾ?”

“ಸ್ನೋಡನ್” ಎಂದೆ. “ಅದು ಇಂಗ್ಲಿಷರ ಹೆಸರು. ಕುರಿ ಕಾಯೋರು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ದೀಪ ಹಚ್ಚುವಾಗ ಆಕೆಯ ಕೈ ಖಾಲಿಯಾದ ಜಾಗದ ಮುಂದೆ ಗಳಿಗೆ ನಿಂತದ್ದನ್ನು ಕಂಡೆ. ಆಕೆಯ ಬುಗುಡಿಯಿಂದ ಕಲಿತ ನಾಲ್ಕಕ್ಷರದಿಂದಲೇ ಆಕೆಯ ಕೈಲಾಸವನ್ನು ಕಸಿದಿದ್ದೆ.

ಉತ್ತರ ಹುಡುಕಲು ಹೊರಟೆ. ಆ ಪರ್ವತಕ್ಕೆ ವೇಲ್ಸಿನ ಜನ ತಮ್ಮ ನುಡಿಯಲ್ಲಿ ‘ಅರ್ ವಿದ್ವಾ’ ಎನ್ನುತ್ತಾರೆ, ಸಮಾಧಿಯ ದಿಬ್ಬವೆಂದರ್ಥ. ಅರಸರ ಗಡ್ಡಗಳಿಂದ ಮೇಲುಹೊದಿಕೆ ಹೊಲಿಸಿಕೊಂಡ ರಿತ್ತಾ ಎಂಬ ದೈತ್ಯನನ್ನು ಆರ್ಥರ್ ರಾಜ ಕೊಂದನಂತೆ. ಅವನ ಮೇಲೆ ಪೇರಿಸಿದ ಕಲ್ಲುಗಳೇ ಆ ಶಿಖರವಂತೆ. 1896ರಲ್ಲಿ ಅದರ ನೆತ್ತಿಗೆ ರೈಲು ಹೋಯಿತು. 1953ರ ಎವರೆಸ್ಟ್ ತಂಡ ಅದರ ಮಗ್ಗುಲಲ್ಲಿ ತಾಲೀಮು ನಡೆಸಿತು. ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತವು ನಾಡಿನ ಹೆಸರನ್ನೇ ಬಳಸುವದೆಂದು ಗೊತ್ತುಮಾಡಿದ್ದು 2022ರಲ್ಲಿ. ನಮ್ಮ ಹಾನಗಲ್ಲನ್ನು ಶಾಸನಗಳು ಪಾನುಂಗಲ್ ಎನ್ನುತ್ತವೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಹೆಸರಿನೊಳಗೆ ಊರಿನ ನೆನಪು ಅಡಗಿರುವದನ್ನು ಓದಲರಿಯದ ಅಜ್ಜಿ ಬಲ್ಲಳು. ಓದಿದ ನಾನು ಮರೆತಿದ್ದೆ.

ಕಳೆದ ದಸರೆಗೆ ಹೋದಾಗ ಎಲ್ಲವನ್ನೂ ಹೇಳಿದೆ. ಅಜ್ಜಿ ಕಣ್ಣರಳಿಸಿ ಕೇಳಿದಳು.

“ಸಮಾಧಿ ಅಂದರ ಗದ್ದಿಗಿ ಅಲ್ಲೇನು?”

“ಹೌದಜ್ಜಿ. ಆದರ ರಾಕ್ಷಸಂದು.”

“ಇರಲೇಳು. ಮಣ್ಣಾಗ ಹೋದಮ್ಯಾಲೆ ಎಂಥಾ ರಾಕ್ಷಸ? ಶಿಶುನಾಳಕ್ಕ ಹೋಗಿ ಶರೀಫಜ್ಜನ ಗದ್ದಿಗಿಗೆ ಕೈ ಮುಗಿಯೂದಿಲ್ಲೇನು? ಅವರು ಯಾವ ಜಾತಿ ಅಂತ ಕೇಳತೇವೇನು?”

ಸವಣೂರಿನ ಮಠದ ದೊಡ್ಡಹುಣಸೆ ಮರಗಳು ನೆನಪಾದವು. ಅವುಗಳ ಕುಲ ಆಫ್ರಿಕೆಯದು. ಆದರೂ ಅವು ನಮ್ಮವೇ ಆಗಿವೆ.

ಅಜ್ಜಿ ತಾನೇ ಟ್ರಂಕು ತೆರೆದು ಕಾರ್ಡನ್ನು ಶರೀಫರ ಪಟದ ಪಕ್ಕಕ್ಕಿಟ್ಟಳು. ದೀಪ ಹಚ್ಚಿ, “ಹೆಸರು ಇನ್ನೊಮ್ಮೆ ಹೇಳವಾ” ಎಂದಳು. ಹೇಳಿದೆ. ಆಕೆಯ ಬಾಯಲ್ಲಿ ಅದು ‘ಅರವಿದವ್ವ’ ಆಯಿತು. ಈ ಸಲ ನಾನು ತಿದ್ದಲಿಲ್ಲ.

ಕೈಲಾಸವು ಜಗಲಿಗೆ ಮರಳಿತು. ಬುಗುಡಿ ಬಿಡಿಸುವದು ಇನ್ನೂ ಉಳಿದಿದೆ.