ಗೋವೆಯ ದಾರಿಗೆ ಕ್ಯಾಮೆರಾದ ಬುತ್ತಿ

ಬೆಳಗಾವಿ, ಖಾನಾಪುರ, ಧಾರವಾಡಗಳ ಕಡೆಯಿಂದ ಗೋವೆಗೆ ಹೊರಡುವ ಕುಟುಂಬಗಳು ರೊಟ್ಟಿ, ಚಟ್ನಿಪುಡಿಗಳ ಬುತ್ತಿಯನ್ನು ಮರೆಯುವುದಿಲ್ಲ. ವಾಸ್ಕೊ, ಮಡಗಾಂವಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ಊರಿನಿಂದ ಬಂದ ಹಿರಿಯರನ್ನು ಗೋವೆ ತೋರಿಸಲು ಕರೆದೊಯ್ಯುವಾಗಲೂ ಇದೇ ಪದ್ಧತಿ. ಆದರೆ ಹೆಗಲಿಗೆ ತೂಗುಹಾಕಿಕೊಂಡ ಕ್ಯಾಮೆರಾಕ್ಕೂ ಬುತ್ತಿ ಬೇಕೆಂಬುದು ಅನೇಕರಿಗೆ ಹೊಳೆಯುವುದು ಅದು ಕಣ್ಣು ಮುಚ್ಚಿಕೊಂಡ ಮೇಲೆಯೇ. ಇಂದು ಬಹುಪಾಲು ಚಿತ್ರಗಳು ಮೊಬೈಲಿನಲ್ಲೇ ಮೂಡುತ್ತವೆ, ನಿಜ. ಆದರೂ 2000ದ ದಶಕದಲ್ಲಿ ಕೊಂಡ, ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಡಿಜಿಟಲ್ ಕ್ಯಾಮೆರಾಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಸುಸ್ಥಿತಿಯಲ್ಲಿವೆ. ಮಕ್ಕಳ ಕೈಗೆ ಕೊಟ್ಟು ನೋಡುವುದನ್ನು ಕಲಿಸಲು ಅವು ಬಲು ಯೋಗ್ಯ. ಅವುಗಳಿಗೆ ತಕ್ಕ ಸೆಲ್ಲು, ತಕ್ಕ ಚಾರ್ಜರ್ ಯಾವುವೆಂಬುದನ್ನು ಗೋವೆಯ ದಾರಿಯಲ್ಲೇ ವಿಚಾರಿಸೋಣ.

ರಾಮನಗರವನ್ನು ದಾಟಿ ಅನಮೋಡ ಘಾಟವನ್ನು ಇಳಿದರೆ ಮೊಲೆಮ್ ಅರಣ್ಯ. ಅಲ್ಲಿಂದ ಒಳದಾರಿ ಹಿಡಿದು ತಾಂಬಡಿ ಸುರ್ಲಾದ ಮಹಾದೇವ ದೇವಾಲಯವನ್ನು ಸೇರಬಹುದು. ಪಣಜಿಯಿಂದ ಬರುವವರಿಗೆ ಇದು ಸುಮಾರು 65 ಕಿಲೋಮೀಟರು. ಗೋವೆಯ ಕದಂಬರ ಕಾಲದ, ಹನ್ನೆರಡು-ಹದಿಮೂರನೆಯ ಶತಮಾನಗಳ ಈ ಗುಡಿ ಕಾಡಿನ ಮರೆಯಲ್ಲಿದ್ದುದರಿಂದಲೇ ಉಳಿದುಬಂತೆಂದು ಹೇಳುತ್ತಾರೆ. ಸುತ್ತಲೂ ಕೆಂಪು ಮುರಕಲ್ಲಿನ ನಾಡು. ಗುಡಿ ಮಾತ್ರ ಕರಿಕಲ್ಲಿನದು. ಮಂಟಪದ ನಡುವೆ ತಲೆಯಿಲ್ಲದ ನಂದಿ, ಮೇಲೆ ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲ, ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುತ್ತಿರುವ ಆನೆ. ಈ ಕದಂಬರು ಕನ್ನಡ ಮತ್ತು ಸಂಸ್ಕೃತಗಳಲ್ಲಿ ಶಾಸನ ಬರೆಯಿಸಿದವರು. ಚಂದ್ರಪುರದಿಂದಲೂ ಗೋಪಕಪಟ್ಟಣದಿಂದಲೂ ಆಳಿದವರು. ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿ, ದೇಗಾಂವದ ಕಮಲನಾರಾಯಣ ಗುಡಿಯಲ್ಲಿ ಕಾಣುವುದೂ ಅವರದೇ ಕೈವಾಡ. ಗೋವೆಯ ಸರಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂಬ ಹೆಸರು ಇಂದಿಗೂ ಓಡಾಡುತ್ತಿದೆ. ಆದುದರಿಂದ ಗೋವೆಯ ಕನ್ನಡ ಮಕ್ಕಳು ಈ ಗುಡಿಯೆದುರು ನಿಂತು ಚಿತ್ರ ತೆಗೆಸಿಕೊಳ್ಳುವುದು ಬರಿಯ ಮೋಜಲ್ಲ. ತಮ್ಮ ನುಡಿಗೆ ಈ ನೆಲದಲ್ಲಿ ಎಷ್ಟು ಹಳೆಯ ಬೇರಿದೆಯೆಂಬುದಕ್ಕೆ ಅದು ಅವರದೇ ಮನೆಯ ಸಾಕ್ಷಿ.

ನಾವು ಶಾಲೆಯ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದಾಗ ವಾಸ್ಕೊದಿಂದ ಬಂದ ಒಂದು ಕನ್ನಡ ಕುಟುಂಬ ಭೇಟಿಯಾಯಿತು. ಗದಗಿನ ಕಡೆಯಿಂದ ಬಂದಿದ್ದ ಅಜ್ಜಿಯನ್ನು ಮಧ್ಯದಲ್ಲಿ ಕೂರಿಸಿ, ಮೂರು ತಲೆಮಾರಿನವರೂ ಸುತ್ತ ನಿಂತಿದ್ದರು. ಮರದ ನೆರಳು, ಹಿಂದೆ ಕರಿಕಲ್ಲು. ಮುಖ ಕಾಣಲು ಫ್ಲ್ಯಾಶ್ ಬೇಕೇಬೇಕು. ಎರಡು ಸಲ ಮಿಂಚಿದ ಕ್ಯಾಮೆರಾ ಮೂರನೆಯದಕ್ಕೆ ಆರಿಹೋಯಿತು. “ಮಾಸ್ತರ್ರ, ಮುಂಜಾನೆನ ಹೊಸಾ ಸೆಲ್ ಹಾಕೀನ್ರೀ. ಎರಡು ಫೋಟೋಕ್ಕ ಮುಗದಾವ ನೋಡ್ರಿ,” ಎಂದು ಆ ಮನೆಯ ಮಗ ಪೇಚಾಡಿದನು. “ಅಜ್ಜಿ ಇನ್ನೊಮ್ಮೆ ಇಷ್ಟು ದೂರ ಬರೋದು ಆಗೂದಿಲ್ರಿ,” ಎಂದು ಸೊಸೆ ಮೆಲ್ಲಗೆ ಹೇಳಿದಳು. ನಮ್ಮ ಚೀಲದಲ್ಲಿದ್ದ, ಮರುಚಾರ್ಜು ಮಾಡಿದ ಎರಡು ಸೆಲ್ಲುಗಳನ್ನು ಹಾಕಿದೆವು. ಅಜ್ಜಿಯ ಚಿತ್ರವೂ ಬಂತು. ಮೊಮ್ಮಕ್ಕಳು ನಂದಿಯನ್ನೂ ಕಮಲವನ್ನೂ ಬೇಕಾದಷ್ಟು ತೆಗೆದುಕೊಂಡರು.

ಹೊಸ ಸೆಲ್ಲು ಹೀಗೇಕೆ ಕೈಕೊಟ್ಟಿತು? ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಸಾಧಾರಣ ಪೆನ್ಸಿಲ್ ಸೆಲ್ಲು ಸತು-ಇಂಗಾಲದ್ದು. ಗೋಡೆಗಡಿಯಾರಕ್ಕೆ, ಟಿವಿ ರಿಮೋಟಿಗೆ ಅದು ಸಾಕು. ಏಕೆಂದರೆ ಅವು ಹನಿಹನಿಯಾಗಿ ವಿದ್ಯುತ್ತನ್ನು ಕುಡಿಯುತ್ತವೆ. ಕ್ಯಾಮೆರಾ ಗುಟುಕುಗುಟುಕಾಗಿ ಕುಡಿಯುತ್ತದೆ. ಫ್ಲ್ಯಾಶಿಗೆ ಶಕ್ತಿ ತುಂಬುವಾಗ ಒಮ್ಮೆಲೇ ಹೆಚ್ಚಿನ ಪ್ರವಾಹ ಬೇಕು. ಸತು-ಇಂಗಾಲದ ಸೆಲ್ಲಿನ ಒಳ ತಡೆಯಿಂದ ಅದರ ವೋಲ್ಟೇಜು ಕುಸಿಯುತ್ತದೆ. ಕ್ಯಾಮೆರಾ ‘ಶಕ್ತಿ ಮುಗಿಯಿತು’ ಎಂದು ನಿಂತುಬಿಡುತ್ತದೆ. ಆಲ್ಕಲೈನ್ ಸೆಲ್ಲು ಇದಕ್ಕಿಂತ ಮೇಲು. ಆದರೆ ಅದರ 1.5 ವೋಲ್ಟೂ ಬಳಸಿದಂತೆ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ. ಕ್ಯಾಮೆರಾದಲ್ಲಿ ಸೋತ ಸೆಲ್ಲು ಗಡಿಯಾರದಲ್ಲಿ ಇನ್ನೂ ತಿಂಗಳುಗಟ್ಟಲೆ ನಡೆಯಬಲ್ಲುದು. ಎಸೆಯುವ ಅವಸರ ಬೇಡ.

ಕ್ಯಾಮೆರಾಕ್ಕೆ ಒಪ್ಪುವುದು ನಿಕಲ್-ಮೆಟಲ್ ಹೈಡ್ರೈಡ್ ಎಂಬ ಮರುಚಾರ್ಜಿನ ಸೆಲ್ಲು. ಅದರ ಮೇಲೆ 1.2 ವೋಲ್ಟ್ ಎಂದು ಬರೆದಿರುವುದನ್ನು ಕಂಡು ಹಿಂಜರಿಯಬಾರದು. ಹೊರೆ ಹೊತ್ತಾಗಲೂ ಅದು ಬಹುತೇಕ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಇದಕ್ಕೂ ಹಿಂದಿನದು ನಿಕಲ್-ಕ್ಯಾಡ್ಮಿಯಮ್. 1975ರಲ್ಲಿ ಕೊಡ್ಯಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾಕ್ಕೆ ಅಂತಹ 16 ಸೆಲ್ಲುಗಳು ಬೇಕಾಗಿದ್ದವು. ಒಂದು ಚಿತ್ರವನ್ನು ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಕ್ಯಾಡ್ಮಿಯಮ್ ವಿಷಲೋಹವಾದುದರಿಂದ ಈಗ ಅದನ್ನು ಕೊಳ್ಳುವ ಕಾರಣವಿಲ್ಲ.

ಕೊಳ್ಳುವಾಗ ನೋಡಬೇಕಾದುದು ಎರಡು. ಮೊದಲನೆಯದು ಧಾರಣಶಕ್ತಿ, ಸೆಲ್ಲಿನ ಮೇಲೆ ‘ಎಂಎಎಚ್’ ಎಂಬ ಗುರುತಿನೊಡನೆ ಅದನ್ನು ಬರೆದಿರುತ್ತಾರೆ. ಪೆನ್ಸಿಲ್ ಸೆಲ್ಲಿಗೆ 1900ರಿಂದ 2500ರವರೆಗೆ ನಂಬತಕ್ಕ ಅಂಕಿ. 3500 ಎಂದೋ 4000 ಎಂದೋ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು. ಎರಡನೆಯದು, ತುಂಬಿದ ಶಕ್ತಿ ಎಷ್ಟು ಕಾಲ ನಿಲ್ಲುವುದೆಂಬುದು. ಸಾಮಾನ್ಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ಬಳಸದೆ ಇಟ್ಟರೂ ತಿಂಗಳಲ್ಲಿ ತನ್ನ ಶಕ್ತಿಯ ಗಣನೀಯ ಭಾಗವನ್ನು ಸೋರಿಸಿಕೊಳ್ಳುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಗೋವೆಯಂತಹ ಬೆಚ್ಚನೆಯ ಕರಾವಳಿಯವರು ಇದನ್ನು ಮನಸ್ಸಿನಲ್ಲಿಡಬೇಕು. 2005ರಲ್ಲಿ ಜಪಾನಿನ ಸ್ಯಾನ್ಯೊ ಸಂಸ್ಥೆ ‘ಎನಿಲೂಪ್’ ಎಂಬ ಹೆಸರಿನಲ್ಲಿ ಸೋರಿಕೆ ಬಲು ಕಡಿಮೆಯಿರುವ ಸೆಲ್ಲನ್ನು ತಂದಿತು. ವರ್ಷದ ಬಳಿಕವೂ ಹೆಚ್ಚಿನ ಪಾಲು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಈಗ ಅದು ಪ್ಯಾನಸಾನಿಕ್ ಹೆಸರಿನಲ್ಲಿದೆ. ಬೇರೆ ತಯಾರಕರೂ ಇದೇ ಬಗೆಯದನ್ನು ಮಾಡುತ್ತಾರೆ. ‘ಮೊದಲೇ ಚಾರ್ಜು ಮಾಡಿದ್ದು’ ಎಂಬ ಮಾತು ಪೊಟ್ಟಣದ ಮೇಲಿರುವುದು ಈ ಬಗೆಯ ಸಾಮಾನ್ಯ ಗುರುತು. ವರ್ಷಕ್ಕೆ ನಾಲ್ಕು ಸಲ ಕ್ಯಾಮೆರಾ ಹೊರತೆಗೆಯುವ ಮನೆಗೆ ಅಂಕಿ ಹೆಚ್ಚಿನ ಸೆಲ್ಲಿಗಿಂತ, ಸೋರದ 2000ದ ಸೆಲ್ಲೇ ಹಿತ.

ಇನ್ನು ಚಾರ್ಜರ್. ಒಳ್ಳೆಯ ಸೆಲ್ಲನ್ನು ಕೆಟ್ಟ ಚಾರ್ಜರಿಗೆ ಕೊಡುವುದು ಒಳ್ಳೆಯ ಅಕ್ಕಿಯನ್ನು ತಳ ಹಿಡಿಯುವ ಪಾತ್ರೆಯಲ್ಲಿ ಬೇಯಿಸಿದಂತೆ. ಅಗ್ಗದ ಚಾರ್ಜರು ಸೆಲ್ಲು ತುಂಬಿತೋ ಇಲ್ಲವೋ ಎಂಬುದನ್ನು ನೋಡುವುದಿಲ್ಲ; ಗಂಟೆಗಳ ಲೆಕ್ಕದಲ್ಲಿ ಸುರಿಯುತ್ತಲೇ ಇರುತ್ತದೆ. ಉತ್ತಮ ಚಾರ್ಜರು ಸೆಲ್ಲು ತುಂಬಿದಾಗ ಅದರ ವೋಲ್ಟೇಜಿನಲ್ಲಿ ಕಾಣುವ ಸಣ್ಣ ಇಳಿತವನ್ನೋ ಏರುವ ಬಿಸಿಯನ್ನೋ ಗುರುತಿಸಿ ತಾನಾಗಿ ನಿಲ್ಲಿಸುತ್ತದೆ. ನಾಲ್ಕು ಸೆಲ್ಲಿಗೆ ನಾಲ್ಕು ಬೇರೆ ಬೇರೆ ದೀಪಗಳಿದ್ದರೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳುವುದೆಂದು ಸಾಮಾನ್ಯವಾಗಿ ತಿಳಿಯಬಹುದು. ಅಂತಹುದನ್ನೇ ಕೇಳಿ ಕೊಳ್ಳಬೇಕು. ವೇಗದ ಲೆಕ್ಕ ಏಳನೆಯ ತರಗತಿಯ ಮಕ್ಕಳಿಗೂ ಬರುತ್ತದೆ: ಸೆಲ್ಲಿನ 2000ವನ್ನು ಚಾರ್ಜರಿನ 500 ಮಿಲಿ ಆಂಪಿಯರಿನಿಂದ ಭಾಗಿಸಿದರೆ ನಾಲ್ಕು ಗಂಟೆ, ಬಿಸಿಯಾಗಿ ಪೋಲಾಗುವುದಕ್ಕೆ ಒಂದು ಗಂಟೆ ಸೇರಿಸಿದರೆ ಐದು. ರಾತ್ರಿ ಊಟ ಮುಗಿಸಿ ಹಾಕಿದರೆ ಬೆಳಗಿನೊಳಗೆ ಸಿದ್ಧ. ಕಾಲು ಗಂಟೆಯಲ್ಲಿ ತುಂಬಿಸುವ ಚಾರ್ಜರು ಸೆಲ್ಲನ್ನು ಕಾಯಿಸಿ ಅದರ ಆಯುಷ್ಯವನ್ನು ತಿನ್ನುತ್ತದೆ. ಸತು-ಇಂಗಾಲದ ಅಥವಾ ಆಲ್ಕಲೈನ್ ಸೆಲ್ಲನ್ನಂತೂ ಈ ಚಾರ್ಜರಿನಲ್ಲಿ ಇಡಲೇಬಾರದು, ಸೋರಬಹುದು, ಸಿಡಿಯಲೂಬಹುದು.

ಕ್ಯಾಮೆರಾಕ್ಕೆ ಎರಡು ಸೆಲ್ಲು ಬೇಕಾದರೆ ನಾಲ್ಕನ್ನು ಕೊಂಡು ಎರಡು ಜೋಡಿ ಮಾಡಿ, ಅಳಿಸದ ಶಾಯಿಯಲ್ಲಿ ‘ಅ’, ‘ಆ’ ಎಂದು ಗುರುತು ಹಾಕಬೇಕು, ಜೋಡಿಗಳನ್ನು ಬೆರೆಸಬಾರದು. ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿ ಹಾಕದೆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಮಳೆಗಾಲದ ತೇವದಲ್ಲಿ ಸೆಲ್ಲಿನ ಎರಡು ತುದಿಗಳನ್ನು ಒಣಬಟ್ಟೆಯಿಂದ ಒರೆಸುವುದೂ ಒಳ್ಳೆಯದು. ಸೆಲ್ಲಿನ ಜಾತಿಯನ್ನು ತಿಳಿಸುವ ಏರ್ಪಾಡು ಕೆಲವು ಕ್ಯಾಮೆರಾಗಳಲ್ಲಿರುತ್ತದೆ. ಅದನ್ನು ಸರಿಪಡಿಸದಿದ್ದರೆ ತುಂಬಿದ ಸೆಲ್ಲನ್ನೂ ಖಾಲಿಯೆಂದೇ ತೋರಿಸೀತು.

ಹೀಗೆ ಸಿದ್ಧವಾಗಿ ಹೊರಟರೆ ತಾಂಬಡಿ ಸುರ್ಲಾದಿಂದ ಹಳೆಯ ಗೋವೆಯವರೆಗೆ ದಿನ ಸಲೀಸು. ಅಲ್ಲಿ 1605ರಲ್ಲಿ ಪ್ರತಿಷ್ಠೆಯಾದ ಬೋಮ್ ಜೀಸಸ್ ಬೆಸಿಲಿಕಾ, ಎದುರಿಗೆ 1776ರಲ್ಲಿ ಒಂದು ಗೋಪುರ ಕುಸಿದು ಒಂದೇ ಗೋಪುರದಲ್ಲಿ ನಿಂತಿರುವ ಸೆ ಕ್ಯಾಥೆಡ್ರಲ್. ಇವು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಪ್ರಾರ್ಥನಾಮಂದಿರದೊಳಗೆ ಫ್ಲ್ಯಾಶನ್ನು ಆರಿಸಿಡುವುದು ಮರ್ಯಾದೆ. ಅದರಿಂದ ಸೆಲ್ಲೂ ಉಳಿಯುತ್ತದೆ. ತೆಗೆದ ಚಿತ್ರಗಳನ್ನು ಪರದೆಯ ಮೇಲೆ ಮತ್ತೆಮತ್ತೆ ನೋಡುವುದನ್ನು ವಸತಿಗೃಹಕ್ಕೆ ಹಿಂದಿರುಗುವವರೆಗೆ ತಡೆದರೆ ಇನ್ನಷ್ಟು ಉಳಿಯುತ್ತದೆ.

ಒಂದು ಎಚ್ಚರಿಕೆ: ಪೆನ್ಸಿಲ್ ಸೆಲ್ಲಿನ ಅಳತೆಯಲ್ಲೇ ‘14500’ ಎಂಬ ಲಿಥಿಯಮ್-ಅಯಾನ್ ಸೆಲ್ಲೂ ಮಾರುಕಟ್ಟೆಯಲ್ಲಿದೆ. ಅದು 3.7 ವೋಲ್ಟಿನದು, ಹಾಕಿದರೆ ಕ್ಯಾಮೆರಾ ಸುಟ್ಟೀತು. ಚಪ್ಪಟೆ ಲಿಥಿಯಮ್ ಬ್ಯಾಟರಿಯ ಕ್ಯಾಮೆರಾ ಉಳ್ಳವರು ಆಯಾ ಮಾದರಿಗೆ ಹೇಳಿದ ಬ್ಯಾಟರಿಯನ್ನೂ ಅದರದೇ ಚಾರ್ಜರನ್ನೂ ಬಳಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು.

ಕೊನೆಯದಾಗಿ, ಸತ್ತ ಸೆಲ್ಲುಗಳ ಗತಿ. ಮರುಚಾರ್ಜಿನ ಒಂದು ಜೋಡಿ ನೂರಾರು ಸಲ ತುಂಬಿ ಬರಿದಾಗುತ್ತದೆ; ಅಷ್ಟು ಸಲ ಕಾಡಿನಂಚಿನಲ್ಲಿ ಎಸೆಯಬಹುದಾಗಿದ್ದ ಸೆಲ್ಲುಗಳು ಹುಟ್ಟುವುದೇ ಇಲ್ಲ. ಅದೂ ಮುದಿಯಾದಾಗ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಮೊಲೆಮಿನ ತೊರೆಗಳ ನೀರು ಕೆಳಗಿನ ಊರುಗಳಲ್ಲಿ ನಮ್ಮವರೇ ಕುಡಿಯುವ ನೀರು. ಕದಂಬರ ಕಲ್ಲನ್ನು ಎಂಟುನೂರು ವರ್ಷ ಮರೆಯಲ್ಲಿಟ್ಟು ಕಾಪಾಡಿದ ಕಾಡಿನಿಂದ ನಾವು ಚಿತ್ರಗಳನ್ನಷ್ಟೇ ತರೋಣ. ಅಲ್ಲಿ ಸೆಲ್ಲುಗಳನ್ನು ಬಿಟ್ಟುಬರುವುದು ಬೇಡ.